ಮುದ್ದೆಮಾಲಿನ ಮೂರು ಹಾವುಗಳು

೨೦೦೩ನೆಯ ಇಸವಿ, ಆಷಾಢದ ಒಂದು ಸೋಮವಾರ, ಬೆಳಗಿನ ಏಳು ಗಂಟೆ. ಸ್ಥಳ ಬೈಲಹೊಂಗಲ, ಮಾಸ್ತರರ ಮನೆಯ ಹಿತ್ತಲಿನ ತಗಡಿನ ಶೆಡ್ಡು. ಹಾಜರಿದ್ದವರು ನಾನು, ಮಾಸ್ತರರ ತಂಗಿ ಮತ್ತು ಅರಣ್ಯ ಇಲಾಖೆಯ ಗಾರ್ಡ್. ಮಾಸ್ತರರು ಹಾಜರಿರಲಿಲ್ಲ. ಎದೆನೋವು ಬಂದು ಅವರನ್ನು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿ ಒಂದು ವಾರವಾಗಿತ್ತು.

ಗಾರ್ಡ್ ಒಂದು ಗೋಣಿಚೀಲವನ್ನು ಸಿಮೆಂಟಿನ ಕಟ್ಟೆಯ ಮೇಲೆ ಇಟ್ಟ. ಚೀಲ ನಿಧಾನವಾಗಿ ಅಲುಗಿತು. ತಂಗಿ ಹಿಂದೆ ಸರಿದು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಮೂರು ಅದಾವ್ರೀ ಅಕ್ಕಾರ. ಎರಡ ತಲಿ ಹಾವು. ಮುರಗೋಡ ದಾರಿಯೊಳಗ ಒಂದು ಜೀಪಿನ್ಯಾಗ ಸಿಕ್ಕಾವು. ಜೀಪಿನವ್ರು ಜೇಲಿಗೆ ಹೋದ್ರು, ಇವು ನಿಮ್ಮ ಕಡೆ ಬಂದ್ವು,” ಅಂದ ಗಾರ್ಡ್.

“ಅವರಿಗೆ ಜಾಮೀನ ಸಿಗತೈತಿ. ಇವಕ್ಕ?” ಅಂದೆ.

“ಇವು ಮುದ್ದೆಮಾಲು, ಕೇಸಿನ ಸಾಕ್ಷಿ ವಸ್ತು. ಕೋರ್ಟು ಬಿಡು ಅನ್ನೂತನಕ ಜೀವಂತ ಇರಬೇಕು. ಸಾಯಾಕೂ ಪರ್ಮಿಶನ್ ತಗೋಬೇಕು.”

ಎರಡು ತಲೆ ಹಾವು ಎಂದರೆ ಮಣ್ಣುಮುಕ್ಕ. ಬಾಲವೂ ತಲೆಯ ಹಾಗೆ ಮೊಂಡಾಗಿರುವುದರಿಂದ ಜನ ಹಾಗೆ ಕರೆಯುತ್ತಾರೆ. ವಿಷವಿಲ್ಲ, ಅವಸರವಿಲ್ಲ. ಸಡಿಲ ಮಣ್ಣಿನಲ್ಲಿ ಮೂಗು ತೂರಿಸಿ ಮರೆಯಾಗುವುದಷ್ಟೇ ಅದಕ್ಕೆ ಗೊತ್ತು. ಮನೆಯಲ್ಲಿಟ್ಟುಕೊಂಡರೆ ನಿಧಿ ಸಿಗುತ್ತದೆಂದು ನಂಬಿಸಿ ಕದ್ದು ಮಾರುವವರ ಕೈಗೆ ಸಿಕ್ಕು ಎಷ್ಟೋ ಸಾಯುತ್ತವೆ. ಸಿಕ್ಕಿಬಿದ್ದವುಗಳನ್ನೂ ಗಾಯವಾದ ಬೇರೆ ಹಾವುಗಳನ್ನೂ ಇಲಾಖೆಯವರು ಕಾಗದ ಬರೆದುಕೊಟ್ಟು ಮಾಸ್ತರರ ಹತ್ತಿರ ಬಿಡುತ್ತಿದ್ದರು. ಮಾಸ್ತರರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡವರು. ಊರಿನವರು “ಮಾಸ್ತರ ಸಾಕಿದ ಹಾವು” ಅಂದರೆ ಅವರಿಗೆ ಸಿಟ್ಟು. “ಸಾಕಿದ್ದಲ್ಲೋ, ಅಡ್ಮಿಟ್ ಆಗ್ಯಾವು,” ಅನ್ನುತ್ತಿದ್ದರು.

ನಾನು ವಾರ್ಡ್ ಸಿಸ್ಟರ್ ಆಗಿದ್ದವಳು. ಅಡ್ಮಿಟ್ ಎಂಬ ಮಾತೇ ನನ್ನನ್ನು ಆ ಶೆಡ್ಡಿಗೆ ಎಳೆದದ್ದು. ಮೊದಲ ಸಲ ಹೋದಾಗ ಪೆಟ್ಟಿಗೆಗಳ ಮೂಲೆಯಲ್ಲಿ ಸುಣ್ಣದಂತೆ ಗಟ್ಟಿಯಾಗಿದ್ದ ಹಾವಿನ ಮೂತ್ರ ನೋಡಿ, “ನನ್ನ ವಾರ್ಡಿನ್ಯಾಗ ಹಿಂಗ ಇದ್ದಿದ್ರ ಆಯಾನ್ನ ಮನಿಗೆ ಕಳಸತಿದ್ದೆ,” ಅಂದಿದ್ದೆ. ಅವರು ನಕ್ಕು ಬ್ರಶ್ಶು ಕೈಗೆ ಕೊಟ್ಟರು. ಅಂದಿನಿಂದ ನಾಲ್ಕು ವರ್ಷ, ದಿನಾ ಬೆಳಿಗ್ಗೆ, ಶೆಡ್ಡಿನ ಸ್ವಚ್ಛತೆ ನನ್ನದು, ಹಾವಿನ ಆರೋಗ್ಯ ಅವರದು. ಹಿತ್ತಲ ಬಾಗಿಲಿನಿಂದ ಬರುತ್ತಿದ್ದೆ, ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಅವರ ಮನೆಯಲ್ಲಿ ಮೂರು ಹೊತ್ತು ಲಿಂಗಪೂಜೆ. ಒಳಗೆ ಬಾ ಅಂತ ತಂಗಿ ಕರೆದಿರಲಿಲ್ಲ, ನಾನೂ ಬಯಸಿರಲಿಲ್ಲ. ನೀರು ಕಾಯಿಸಲು ಶೆಡ್ಡಿನಲ್ಲಿಯೇ ಒಂದು ಸೀಮೆಎಣ್ಣೆ ಸ್ಟೋವ್ ಇತ್ತು. ಚಹಾ ಮಾಸ್ತರರೇ ತರುತ್ತಿದ್ದರು, ಎರಡು ಕಪ್ಪು, ಕಟ್ಟೆಯ ಮೇಲೆ ಕುಳಿತು ಕುಡಿಯುತ್ತಿದ್ದೆವು.

ಈಗ ಅವರ ಕೆಲಸವೂ ನನ್ನದೇ ಆಯಿತು. ಹೊಸ ರೋಗಿ ಬಂದಾಗ ಮಾಡುವ ಹಾಗೆ ಒಂದೊಂದನ್ನೇ ಬಿಳಿ ಎನಾಮೆಲ್ ತಟ್ಟೆಯಲ್ಲಿಟ್ಟು ತಲೆಯಿಂದ ಬಾಲದವರೆಗೆ ನೋಡಿದೆ. ಕಣ್ಣಿನ ಅಂಚಿನಲ್ಲಿ, ಗದ್ದದ ಕೆಳಗಿನ ಸೀಳಿನಲ್ಲಿ, ಗಸಗಸೆ ಕಾಳಿನಷ್ಟು ಸಣ್ಣ ಕಪ್ಪು ಚುಕ್ಕೆಗಳು. ಚುಕ್ಕೆ ನಡೆಯುತ್ತಿತ್ತು. ಹಾವಿನ ಹೇನು.

“ಹೇನ ಆದ್ರ ಏನಾತ್ರಿ? ನಮ್ಮ ಎಮ್ಮಿಗೂ ಅದಾವ,” ಅಂದ ಗಾರ್ಡ್.

“ರಕ್ತ ಕುಡದು ಕುಡದು ಕೊಲ್ಲತಾವ. ಇವನ್ನ ಹಿಂಗ ಬಿಟ್ರ ಅಡವ್ಯಾಗಿನ ಉಳದ ಹಾವಿಗೂ ಹತ್ತತಾವ. ನಿಮ್ಮ ಸಾಹೇಬ್ರು ಬಿಡಾಕ ಒಪ್ಪತಾರೇನು?”

ಒಪ್ಪುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು. ರೋಗವಿರುವ ಹಾವಿಗೆ ಬಿಡುಗಡೆಯಿಲ್ಲ. ದೂರದ ಯಾವುದೋ ಮೃಗಾಲಯಕ್ಕೆ ಹೋಗಬೇಕು, ಇಲ್ಲವೆ ಪೆಟ್ಟಿಗೆಯಲ್ಲೇ ಸಾಯಬೇಕು.

ಮೊದಲ ದಿನದಿಂದಲೇ ಕ್ರಮ ಹಾಕಿಕೊಂಡೆ. ಹಾವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಿಡುವುದು. ಶಾಖವನ್ನು ಮೊಣಕೈಯಿಂದ ನೋಡುತ್ತಿದ್ದೆ, ಕೂಸಿಗೆ ಎರೆಯುವಾಗ ನೋಡುವಂತೆ. ತಲೆ ಮೇಲಿರುವಷ್ಟೇ ನೀರು, ಹತ್ತಿರವೇ ಕೂತಿರಬೇಕು. ಹೇನು ಮುಳುಗಿ ತಳ ಸೇರುತ್ತವೆ. ಕಣ್ಣಿನ ಸುತ್ತ ಉಳಿದವಕ್ಕೆ ಹತ್ತಿಯ ಬತ್ತಿಯಿಂದ ಕುಸುಬೆ ಎಣ್ಣೆ ಹಚ್ಚಿ ಒರೆಸುವುದು. ಅಷ್ಟರಲ್ಲಿ ಪೆಟ್ಟಿಗೆ ತೊಳೆಯಬೇಕು. ಮೊದಲು ಸೋಡಾ ಹಾಕಿದ ಕುದಿನೀರು. ಸುಣ್ಣಗಟ್ಟಿದ ಕಲೆಗೆ ವಿನೆಗರ್, ಸ್ವಲ್ಪ ನೆನೆಯಲು ಬಿಟ್ಟು ತೆಂಗಿನ ನಾರಿನಿಂದ ತಿಕ್ಕುವುದು. ಚೆನ್ನಾಗಿ ಜಾಲಿಸಿದ ಮೇಲೆಯೇ ಬ್ಲೀಚಿಂಗ್ ನೀರು. ಒಂದು ಲೀಟರಿಗೆ ಒಂದು ಚಹಾ ಚಮಚ ಪುಡಿ, ಕದಡಿ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಸಿದುಕೊಳ್ಳುವುದು. ವಿನೆಗರೂ ಬ್ಲೀಚಿಂಗೂ ಒಂದಕ್ಕೊಂದು ಸೇರಿದರೆ ಏಳುವ ಹೊಗೆ ಮನುಷ್ಯನ ಎದೆಯನ್ನೇ ಹಿಡಿಯುತ್ತದೆ, ಹಾವಿನದು ಕೇಳಬೇಕೆ? ಆಮೇಲೆ ಮತ್ತೆ ಮತ್ತೆ ಜಾಲಿಸಿ, ಒಣಗಿಸಿ, ಮೂಗಿಟ್ಟು ನೋಡಿ ಯಾವ ವಾಸನೆಯೂ ಇಲ್ಲವೆಂದಾದ ಮೇಲೆ ಹಾವನ್ನು ಒಳಗೆ ಬಿಡಬೇಕು.

ಫಿನಾಯಿಲ್ ಇಲ್ಲ, ಡಾಂಬರು ಗುಳಿಗೆ ಇಲ್ಲ. ಇದು ಮಾಸ್ತರರು ನನಗೆ ಹೇಳಿದ ಮೊದಲ ನಿಯಮ. ಅವುಗಳ ಉಗಿಯೇ ಹಾವಿಗೆ ವಿಷ. ಜೀವಮಾನವಿಡೀ ಫಿನಾಯಿಲ್ ವಾಸನೆಯನ್ನೇ ಸ್ವಚ್ಛತೆ ಎಂದು ತಿಳಿದಿದ್ದ ಮೂಗು ನನ್ನದು. ಅದಕ್ಕೆ ಹೊಸ ಪಾಠ ಕಲಿಸಲು ತಿಂಗಳುಗಳು ಹಿಡಿದವು.

ಒಂದು ವಾರ ತೊಳೆದೆ. ಹೇನು ಕಡಿಮೆಯಾದವು. ಮರುವಾರ ಮತ್ತೆ ಅಷ್ಟೇ ಆದವು. ಟಾರ್ಚ್ ಹಿಡಿದು ಹುಡುಕಿದಾಗ ಕಂಡದ್ದು, ಪೆಟ್ಟಿಗೆಗಳ ಕಟ್ಟಿಗೆಯ ಸಂದುಗಳಲ್ಲಿ ತತ್ತಿ. ಮಳೆಗಾಲದ ಕಟ್ಟಿಗೆ, ಬಿಸಿಲು ಕಾಣದೆ ಉಬ್ಬಿತ್ತು. ಕುದಿನೀರು ಮೇಲೆ ಹರಿದುಹೋಗುತ್ತಿತ್ತು, ಸಂದಿನೊಳಕ್ಕೆ ಇಳಿಯುತ್ತಿರಲಿಲ್ಲ. ಆ ಪೆಟ್ಟಿಗೆಗಳನ್ನು ಮಾಸ್ತರರು ತಾವೇ ಮಾಡಿದ್ದರು. ಮೂಲೆಗಳಲ್ಲಿ ಅವರ ರಂದದ ಗುರುತು ಇನ್ನೂ ಇತ್ತು. ಮೂರನ್ನೂ ಹೊರಗೆ ಹಾಕಿ, ಪೇಟೆಯಿಂದ ಮೂರು ಅಗಲವಾದ ಪ್ಲಾಸ್ಟಿಕ್ ತೊಟ್ಟಿ ತಂದೆ. ಕಾಯಿಸಿದ ಮೊಳೆಯಿಂದ ಮುಚ್ಚಳಕ್ಕೆ ತೂತು ಹಾಕಿದೆ. ಹಾಸಲು ಮಣ್ಣು ಬೇಡ, ಮರಳು ಬೇಡ. ಹೇನು ಕಣ್ಣಿಗೆ ಬೀಳಬೇಕಾದರೆ ಹಾಸಿಗೆ ಬಿಳಿಯದಾಗಿರಬೇಕು. ಟ್ರಂಕಿನಲ್ಲಿ ನನ್ನ ಡ್ಯೂಟಿ ಸೀರೆಗಳಿದ್ದವು, ನೂಲಿನವು, ಕುದಿಸಿ ಕುದಿಸಿ ಮೆತ್ತಗಾದವು. ಹರಿದು ತೊಟ್ಟಿಯ ಅಳತೆಗೆ ಮಡಚಿದೆ. ದಿನಾ ತೆಗೆದು ಕುದಿಸುವುದು, ದಿನಾ ಬದಲಿಸುವುದು. ಬೆಳಿಗ್ಗೆ ಬಟ್ಟೆ ಬಿಡಿಸಿ ಕಪ್ಪು ಚುಕ್ಕೆ ಎಷ್ಟಿವೆ ನೋಡಿದರೆ ಹಾವಿನ ಸ್ಥಿತಿ ಗೊತ್ತಾಗುತ್ತಿತ್ತು.

ಇನ್ನೊಂದು ಸ್ಥಿತಿ ನನಗೆ ಗೊತ್ತಾಗುತ್ತಿರಲಿಲ್ಲ. ಫೋನು ಪಡಸಾಲೆಯಲ್ಲಿತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅದು ಬಾರಿಸುವುದು ಶೆಡ್ಡಿನಲ್ಲಿ ಕೇಳುತ್ತಿತ್ತು. ಆಸ್ಪತ್ರೆಯಿಂದ ಮಾಸ್ತರರ ಮಗಳು ಮಾಡುತ್ತಿದ್ದಳು, ತಂಗಿ ಎತ್ತುತ್ತಿದ್ದರು. ಮಾತು ಕೇಳುತ್ತಿರಲಿಲ್ಲ, ದನಿಯ ಏರಿಳಿತ ಮಾತ್ರ. ಬ್ರಶ್ಶು ಹಿಡಿದ ಕೈ ತಾನಾಗಿ ನಿಲ್ಲುತ್ತಿತ್ತು. ಆಮೇಲೆ ತಂಗಿ ಹಿತ್ತಲ ಬಾಗಿಲಿಗೆ ಬಂದು ಹೇಳುತ್ತಿದ್ದರು.

“ಆಪರೇಶನ್ ಆತಂತ. ಆರಾಮ ಅದಾನಂತ.”

“ಊಟಾ ಮಾಡಾಕ ಹತ್ಯಾರೇನ್ರಿ? ಜ್ವರಾ? ಕಾಲಿಗೆ ಬಾವು ಬಂದೈತೇನು?”

“ಅವೆಲ್ಲಾ ಯಾರ ಕೇಳ್ಯಾರ್ರೀ ನರ್ಸಬಾಯಿ? ಆರಾಮ ಅದಾನ ಅಂದ್ರ ಆರಾಮ ಅದಾನ.”

ಸಾವಿರ ಸಲ ನಾನೇ ರೋಗಿಗಳ ಮನೆಯವರಿಗೆ ಹೇಳಿದ ಮಾತು ಅದು. ಕಾರಿಡಾರಿನಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುವುದು ಹೇಗಿರುತ್ತದೆಂದು ಆ ಮಳೆಗಾಲದಲ್ಲಿ ತಿಳಿಯಿತು.

ನೀರು ಕಾಯುವಾಗ ಕೈಗೆ ಕೆಲಸವಿರುವುದಿಲ್ಲ. ಆಗ ಬೇಡದ್ದೆಲ್ಲ ನೆನಪಾಗುತ್ತದೆ. ಹಿಂದಿನ ವರ್ಷ ಗುಣವಾದ ಒಂದು ಕೇರೆಹಾವನ್ನು ಬಿಡಲು ಇಬ್ಬರೂ ಕಿತ್ತೂರು ದಾಟಿ ದೇಗಾಂವಕ್ಕೆ ಹೋಗಿದ್ದೆವು. ಬಸ್ಸಿನಲ್ಲಿ ಬಟ್ಟೆಯ ಚೀಲ ಅವರ ತೊಡೆಯ ಮೇಲೆ. ಕಂಡಕ್ಟರ್ ಚೀಲ ನೋಡಿ, “ಏನೈತ್ರಿ ಅದರಾಗ?” ಅಂದ. ಮಾಸ್ತರರು ಮುಖ ಗಂಟು ಹಾಕಿ, “ಪಡವಲಕಾಯಿ,” ಅಂದರು. ಕಂಡಕ್ಟರ್ ಹೋದ ಮೇಲೆ ನಾನು, “ಅರ್ಧಾ ಟಿಕೀಟರ ತಗೀಬೇಕಿತ್ತು,” ಅಂದೆ. ಅವರು ನಗು ತಡೆಯಲು ಕಿಟಕಿಯ ಕಡೆ ತಿರುಗಿದರು, ಹೆಗಲು ಮಾತ್ರ ಕುಣಿಯುತ್ತಿತ್ತು. ಕಮಲನಾರಾಯಣ ಗುಡಿಯ ಹಿಂದಿನ ಹೊಲದ ಬದುವಿನಲ್ಲಿ ಹಾವು ಬಿಟ್ಟು, ಗುಡಿಯ ಕಲ್ಲಿನ ಮೇಲೆ ಕೂತು ರೊಟ್ಟಿ ತಿಂದೆವು. ಅವರ ಬುತ್ತಿಯಿಂದ ನಾನು, ನನ್ನ ಬುತ್ತಿಯಿಂದ ಅವರು. ನೀರು ಕುದಿಯುವ ಸದ್ದಾದರೆ ನಾನು ಸ್ಟೋವಿನ ಕಡೆ ತಿರುಗುತ್ತಿದ್ದೆ.

ತೊಟ್ಟಿಗೆ ಬದಲಿಸಿದ ಮೇಲೆ ಬಟ್ಟೆಯ ಚುಕ್ಕೆಗಳು ದಿನದಿನಕ್ಕೆ ಇಳಿದವು. ಆಷಾಢ ಮುಗಿಯುವ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಆಗ ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದೆ. ಎದುರಿಗೇ ಆ ವಾಸನೆ. ಒಂದು ಕ್ಷಣ ಎದೆ ತಂಪಾಯಿತು, ಬೆಳಗಿನ ಪಾಳಿಗೆ ವಾರ್ಡಿನ ಒಳಗೆ ಕಾಲಿಟ್ಟಂತೆ. ಮರುಕ್ಷಣ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿದೆ. ನೆಲವೆಲ್ಲ ಕರಿ ಫಿನಾಯಿಲಿನಿಂದ ತೊಳೆದಿತ್ತು. ಹೊಸ್ತಿಲ ಉದ್ದಕ್ಕೂ, ತೊಟ್ಟಿಗಳ ಸುತ್ತಲೂ ನೀರು ಬೆರೆತು ಬೆಳ್ಳಗಾದ ಅದನ್ನೇ ಗೆರೆ ಎಳೆದಂತೆ ಸುರಿದಿತ್ತು. ರಾತ್ರಿಯಿಡೀ ಮಳೆ, ಕಿಟಕಿ ಮುಚ್ಚಿತ್ತು.

ಮೂರರಲ್ಲಿ ಸಣ್ಣ ಹಾವು ತಲೆಯನ್ನು ಹಿಂದಕ್ಕೆ ಬಾಗಿಸಿ ಬಾಯಿ ತೆರೆದಿತ್ತು. ಮೈ ತಿರುವಿಕೊಂಡು ಹೊಟ್ಟೆ ಮೇಲಾಗಿತ್ತು. ನೆಟ್ಟಗೆ ಮಾಡಿದರೆ ಮತ್ತೆ ತಿರುಗುತ್ತಿತ್ತು. ಮೂರು ತೊಟ್ಟಿಗಳನ್ನೂ ಎತ್ತಿ ಹೊರಗಿನ ಮಾಡಿನ ಕೆಳಗೆ ತಂದೆ. ಮಳೆಯ ಇರಚಲು ಹೊಡೆಯುತ್ತಿತ್ತು. ಸಣ್ಣದನ್ನು ನನ್ನ ಎರಡೂ ಅಂಗೈಗಳಲ್ಲಿ ಗಾಳಿಗೆ ಹಿಡಿದು ಕೂತೆ. ಬೇರೆ ಮಾಡುವುದು ಏನೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಬಿಗಿ ಬಿಟ್ಟಿತು.

ತಂಗಿ ಬಾಗಿಲಲ್ಲಿ ನಿಂತಿದ್ದರು. “ಸತ್ತ ಹೋತೇನು?”

“ಹೌದ್ರಿ. ಫಿನಾಯಿಲ್ ಯಾರು ಹಾಕಿದ್ರಿ?”

“ನಾನ. ನಿನ್ನೆ ಸಂಜಿಕೆ.” ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಹಾವು ಬರಬಾರದು ಅಂತ ಎಲ್ಲಾರೂ ಹಾಕತಾರಲ್ಲರಿ, ಹೊಸ್ತಲಕ್ಕ. ಅಣ್ಣ ಮನ್ಯಾಗಿಲ್ಲ, ನನಗ ಅಂಜಿಕಿ. ಮತ್ತ ನೀವು ದವಾಖಾನ್ಯಾಗ ಇದ್ದವ್ರು. ದಿನಾ ಒಬ್ಬಾಕೀನ ತಿಕ್ಕತೀರಿ. ಒಂದಿನಾ ನೆಲಾ ತೊಳದು ಕೊಟ್ರ ನಿಮಗ ಹಗರ ಆದೀತು, ಆ ವಾಸನಿ ಬಂದ್ರ ನಿಮಗ ಛಲೋ ಅನಿಸೀತು ಅಂತ… ನಾಲ್ಕು ವರ್ಷದಾಗ ಮೊದಲನೇ ಸಲ ಅದರೊಳಗ ಕಾಲ ಇಟ್ಟಿದ್ದೆ ನಾ.”

ಫಿನಾಯಿಲ್ ನಿಯಮ ಶೆಡ್ಡಿನೊಳಗಿನದು. ಮನೆಯವರೆಗೆ ಅದನ್ನು ಯಾರೂ ಒಯ್ದಿರಲಿಲ್ಲ. ಮಳೆ ನಿಲ್ಲುವ ಲಕ್ಷಣವಿರಲಿಲ್ಲ. ಶೆಡ್ಡಿನ ನೆಲ ಒರಟು ಸಿಮೆಂಟು, ಕುಡಿದ ಫಿನಾಯಿಲನ್ನು ದಿನಗಟ್ಟಲೆ ಬಿಟ್ಟುಕೊಡುವುದಿಲ್ಲ. ಮಾಡಿನ ಕೆಳಗೆ ಥಂಡಿ. ನನ್ನ ಮನೆ ಒಂದೇ ಕೋಣೆಯದು, ಅಲ್ಲಿ ಗಾಳಿಯಿಲ್ಲ. ಉಳಿದ ಎರಡು ಹಾವುಗಳ ಮುಚ್ಚಳ ತೆರೆದು ಗಾಳಿ ಬೀಸುತ್ತ ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದೆ.

ತಂಗಿ ಒಳಗೆ ಹೋಗಿ ಕಿಟಕಿಗಳನ್ನು ತೆರೆದು ಬಂದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಪಡಸಾಲಿಗೆ ತರ್‍ರಿ.”

“ಅಕ್ಕಾರ, ಅಲ್ಲೇ ನಿಮ್ಮ ದೇವರ ಮನಿ…”

“ಗೊತ್ತೈತಿ. ಕಿಡಕಿ ಎರಡೂ ಕಡೆ ಅದಾವ, ಗಾಳಿ ಆಡತೈತಿ. ತರ್‍ರಿ.”

ಎರಡು ತೊಟ್ಟಿಗಳನ್ನು ಹೊಸ್ತಿಲ ಮೇಲೆ ಇಟ್ಟು ನಾನು ಹೊರಗೇ ನಿಂತೆ. ಅವರು ತಿರುಗಿ ನೋಡಿ, “ಮತ್ತ? ಹಾವಿಗೇ ಒಳಗ ಜಾಗಾ ಕೊಟ್ಟಿನಿ. ನೀವೇನು ಹಾವಿಗಿಂತ ಕಡಿ ಅದೀರೇನು? ಕಾಲ ಒರಸಿಕೊಂಡು ಬರ್‍ರಿ, ಅಷ್ಟ,” ಅಂದರು.

ಕಾಲು ಒರೆಸಿಕೊಂಡು ಒಳಗೆ ಹೋದೆ.

ಮರುದಿನ ಗಾರ್ಡ್ ಬಂದು ಸತ್ತ ಹಾವಿನ ಪಂಚನಾಮೆ ಬರೆದುಕೊಂಡ. ಪಡಸಾಲೆಯಲ್ಲಿ ತೊಟ್ಟಿ, ತೊಟ್ಟಿಯ ಆಚೆ ತಂಗಿ ಅಕ್ಕಿ ಆರಿಸುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತ. “ಏನ್ರೀ ದೊಡ್ಡಕ್ಕಾರ, ಬೀಗರ ಬಂದ್ಹಂಗ ಕುಂದರಿಸೀರಿ?”

“ಬೀಗರು ಇಷ್ಟ ಸುಮ್ನ ಎಲ್ಲಿ ಇರತಾರೋ? ನೀ ಬರಕೊಂಡು ನಡಿ,” ಅಂದರು ತಂಗಿ.

ಕೆಲಸದ ಕ್ರಮ ಅದೇ ಇತ್ತು, ಜಾಗ ಬದಲಾಯಿತು. ನೀರು ಈಗ ಬಚ್ಚಲ ಹಂಡೆಯಿಂದ ಬರುತ್ತಿತ್ತು. ತಂಗಿಯೇ ಕೊಡ ತುಂಬಿ ತಂದು, ತೊಟ್ಟಿಯ ಕಡೆ ನೋಡದೆ ಇಟ್ಟು ಹೋಗುತ್ತಿದ್ದರು. ಕೆಲವು ದಿನಗಳಾದ ಮೇಲೆ ನೋಡಲು ತೊಡಗಿದರು. ಇನ್ನೂ ಕೆಲವು ದಿನಗಳಾದ ಮೇಲೆ, “ಆ ದೊಡ್ಡದು ಇವತ್ತ ಬಣ್ಣಗೆಟ್ಟೈತಲ್ಲ,” ಅಂದರು. ಸರಿಯಾಗಿ ನೋಡಿದ್ದರು. ಅದಕ್ಕೆ ಪೊರೆ ಬರುವುದಿತ್ತು. ಪೊರೆ ಕಳಚಿದಾಗ ಅದರೊಂದಿಗೆ ಉಳಿದ ಹೇನೂ ಹೋದವು. ಪೊರೆಯನ್ನು ಕೂಡಲೇ ಎತ್ತಿ ಸುಟ್ಟೆವು.

ಫೋನೂ ಅಲ್ಲೇ ಇತ್ತು, ತೊಟ್ಟಿಗಳಿಂದ ಒಂದು ಮಾರು ದೂರ. ಮೊದಲ ದಿನ ಬಾರಿಸಿದಾಗ ತಂಗಿ ಎತ್ತಿ, ಮಾತಾಡಿ, ರಿಸೀವರ್ ನನ್ನ ಕಡೆ ಚಾಚಿದರು. “ನಿಮ್ಮ ಜ್ವರಾ, ಬಾವು, ಊಟಾ ಎಲ್ಲಾ ನೀವ ಕೇಳ್ರಿ. ನನ್ನ ತಲಿ ತಿನಬ್ಯಾಡ್ರಿ.”

ಕೈ ಒರೆಸಿಕೊಂಡು ತೆಗೆದುಕೊಂಡೆ.

“ಸಿಸ್ಟರ್?” ಅಂದರು ಮಾಸ್ತರರು. ಉಸಿರು ಗಿಡ್ಡವಾಗಿತ್ತು. ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಿದ್ದರು. “ನೀವು… ಒಳಗ ಹೆಂಗ ಬಂದ್ರಿ?”

“ಹಾವಿನ ಬೆನ್ನ ಹತ್ತಿ ಬಂದೇನಿ.”

ಅವರು ನಕ್ಕರು, ನಕ್ಕದ್ದಕ್ಕೆ ಎದೆ ನೊಂದು ಕೆಮ್ಮಿದರು. ಸಣ್ಣ ಹಾವು ಸತ್ತ ಸುದ್ದಿ ಹೇಳಿದೆ. ಫಿನಾಯಿಲ್ ಸಂಗತಿಯನ್ನೂ ಹೇಳಿದೆ. ತಂಗಿ ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದರು. ಮಾಸ್ತರರು, “ಆಕಿಗೆ ಬೈಬ್ಯಾಡ್ರಿ. ಉಳದ ಎರಡು ನೋಡ್ರಿ,” ಅಂದರು.

ಅಂದಿನಿಂದ ದಿನಾ ಬೆಳಿಗ್ಗೆ ಬಟ್ಟೆಯ ವರದಿ ನಾನು ಕೊಡುತ್ತಿದ್ದೆ, ಅವರ ವರದಿ ಅವರು ಕೊಡುತ್ತಿದ್ದರು. ಇವತ್ತು ಮೂರು ಚುಕ್ಕೆ. ಇವತ್ತು ಕಾರಿಡಾರಿನ ತುದಿಯವರೆಗೆ ನಡೆದೆ. ಇವತ್ತು ಒಂದು ಚುಕ್ಕೆ. ಇವತ್ತು ಮೆಟ್ಟಿಲು ಹತ್ತಿಸಿದರು. ಬೇರೆ ಮಾತಿಲ್ಲ. ಎರಡು ನಿಮಿಷದೊಳಗೆ ಮುಗಿಯುತ್ತಿತ್ತು. ಆದರೆ ನಾನು ಎಂಟೂವರೆಗೆಲ್ಲ ತೊಟ್ಟಿ ತೊಳೆದು ಮುಗಿಸಿ, ಕೈ ಒಣಗಿಸಿಕೊಂಡು ಕೂತಿರುತ್ತಿದ್ದೆ.

ಶ್ರಾವಣ ಕಳೆಯಿತು. ಆಪರೇಶನ್ನಿನ ಗಾಯ ಮಾಯಲು ತಡವಾಗಿ ಮಾಸ್ತರರು ಇನ್ನೂ ಆಸ್ಪತ್ರೆಯಲ್ಲೇ ಇದ್ದರು. ಬಟ್ಟೆ ಬೆಳ್ಳಗಾಯಿತು, ಬೆಳ್ಳಗೇ ಉಳಿಯಿತು. ಮೂರು ವಾರ ಒಂದು ಚುಕ್ಕೆಯೂ ಕಾಣಲಿಲ್ಲ. ತತ್ತಿ ಎಲ್ಲಾದರೂ ಉಳಿದಿದ್ದರೆ ಅಷ್ಟರಲ್ಲಿ ಒಡೆದು ಕಾಣಬೇಕಿತ್ತು. ಅದೇ ಹೊತ್ತಿಗೆ ಗಾರ್ಡ್ ಆದೇಶದ ಪ್ರತಿ ತಂದ. ಹಾವು ನಿರೋಗಿಯೆಂದು ನೋಡಿಕೊಂಡವರು ಹೇಳಿದ ಕೂಡಲೇ, ಜೀಪಿನವರು ಅವನ್ನು ಮೊದಲು ಹಿಡಿದ ಜಾಗದ ಹತ್ತಿರವೇ, ರಾಮದುರ್ಗದ ಕಡೆಯ ಗುಡ್ಡದ ಬುಡದಲ್ಲಿ ಬಿಡಬೇಕು.

“ನೀವು ಹ್ಞೂಂ ಅಂದ್ರ ನಾಳಿಗೇ ಜೀಪು ತರತೇನಿ,” ಅಂದ.

“ಮಾಸ್ತರನ್ನ ಕೇಳಿ ಹೇಳತೇನಿ.”

ಮರುದಿನ ಫೋನಿನಲ್ಲಿ ಸುದ್ದಿ ಹೇಳಿದಾಗ ಅವರು ಸಂತೋಷಪಡುತ್ತಾರೆಂದುಕೊಂಡಿದ್ದೆ. ಅವರು ದನಿ ತಗ್ಗಿಸಿದರು.

“ಸಿಸ್ಟರ್, ನಾಡದು ನನ್ನ ಬಿಡತಾರ. ಮಗಳು ಇಲ್ಲಿಂದ ನೇರ ಸೊಲ್ಲಾಪುರಕ್ಕ ಒಯ್ಯಾಕಿ ಅದಾಳ. ಬೈಲಹೊಂಗಲದಾಗ ಈಗ ನಿಂದೇನೈತಿ, ಅಂತಾಳ. ಆಕೀದೂ ಖರೇನ. ಆದ್ರ ಹಾವು ಅದಾವ, ಕೋರ್ಟಿನ ಕೆಲಸಾ, ನಾನ ಸಹಿ ಮಾಡಬೇಕು ಅಂದ್ರ ತಡೀತಾಳ. ಎಂಟ ದಿನಾ ಊರಿಗೆ ಬಂದು ಇದ್ದು ಹೋಗತೇನಿ.”

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಗಾರ್ಡಗ ಇನ್ನೂ ಒಂದೆರಡು ಹೇನು ಕಾಣತಾವ ಅಂತ ಹೇಳ್ರಿ. ನೀವು ಹೇಳಿದ್ರ ಯಾರೂ ತಿರುಗಿ ನೋಡೂದಿಲ್ಲ.”

“ನಾಳೆ ಹೇಳತೇನ್ರಿ,” ಎಂದು ಇಟ್ಟೆ.

ಆ ದಿನ ಎಲ್ಲ ಕೆಲಸಗಳನ್ನೂ ಎರಡೆರಡು ಸಲ ಮಾಡಿದೆ. ಎಂಟು ದಿನ ದೊಡ್ಡ ವಿಷಯವೇ? ಕಟ್ಟೆಯ ಮೇಲೆ ಎರಡು ಕಪ್ಪು ಚಹಾ, ಎಂಟು ಬೆಳಗು. ಹಾವಿಗೆ ಎಂಟು ದಿನದಿಂದ ಏನಾಗುತ್ತದೆ? ನೀರಿದೆ, ಬೆಚ್ಚಗಿದೆ, ಸ್ವಚ್ಛವಿದೆ. ಸೊಲ್ಲಾಪುರಕ್ಕೆ ಹೋದ ಮೇಲೆ ಅವರು ಮತ್ತೆ ಬರುತ್ತಾರೋ ಇಲ್ಲವೋ ಹೇಳುವವರು ಯಾರು? ನನ್ನ ವಯಸ್ಸಿನಲ್ಲಿ ಎಂಟು ದಿನವನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ.

ಬೆಳಿಗ್ಗೆ ದೊಡ್ಡ ಹಾವಿನ ಬಟ್ಟೆ ಬಿಡಿಸಿದೆ. ಒಂದು ಚುಕ್ಕೆಯಿತ್ತು. ಹೇನೇ ಆಗಿರಲಿ ಅಂದುಕೊಂಡೆ, ಅದನ್ನು ಮುಚ್ಚಿಡುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪಲ್ಲ, ಕೆಂಪು. ಹಾವನ್ನು ನೋಡಿದೆ. ಅದು ತೊಟ್ಟಿಯ ಮೂಲೆಗೆ ಮೂಗು ಒತ್ತಿ ಒತ್ತಿ ತಿಕ್ಕುತ್ತಿತ್ತು. ಅಗೆಯಲು ಹುಟ್ಟಿದ ಮೂಗು, ನುಣುಪಾದ ಪ್ಲಾಸ್ಟಿಕ್ಕು. ಮೂತಿಯ ತುದಿಯ ಹುರುಪೆ ಎದ್ದು ಹಸಿಯಾಗಿತ್ತು. ನಾನು ಬದಿಗೆ ಸರಿಸಿದೆ. ಅದು ಮತ್ತೆ ಅದೇ ಮೂಲೆಗೆ ಹೋಯಿತು.

ಫೋನು ಬಾರಿಸಿತು.

“ಮಾಸ್ತರ, ಬಟ್ಟಿ ಮ್ಯಾಲ ಒಂದು ಚುಕ್ಕಿ ಐತ್ರಿ.”

“ಹೇನೇನು?” ಆ ದನಿಯೊಳಗಿನ ಆಸೆ ನನಗೆ ಕೇಳಿಸಿತು.

“ಅಲ್ರಿ. ರಕ್ತ. ಮೂಗು ತಿಕ್ಕಾಕ ಹತ್ತೈತಿ. ಮಣ್ಣು ಬೇಡಾಕ ಹತ್ತೈತಿ.”

ಆ ಕಡೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದ ಸದ್ದು ಬಂತು.

“ಹಂಗಾದ್ರ ಗಾರ್ಡನ್ನ ಕರೀರಿ,” ಅಂದರು. ಆಮೇಲೆ, “ಬಿಡೂ ಮುಂದ ಮಣ್ಣು ಕೈಯಾಗ ಹಿಡದು ನೋಡ್ರಿ. ಹಸಿ ಇದ್ರ ಬ್ಯಾಡ. ಸಡ್ಲ ಇರಬೇಕು, ಬೆಚ್ಚಗ ಇರಬೇಕು.”

“ನನಗ ಗೊತ್ತೈತ್ರಿ.”

“ನಿಮಗ ಗೊತ್ತೈತಿ ಅಂತ ನನಗೂ ಗೊತ್ತೈತಿ. ಹೇಳಬೇಕು ಅನಿಸ್ತು.”

ಮರುದಿನ ಬೆಳಿಗ್ಗೆ ಜೀಪು ಬಂತು. ಮಳೆ ಹಿಂದೆ ಸರಿದು ಬಿಸಿಲು ಬಿದ್ದಿತ್ತು. ತಂಗಿ ತೊಟ್ಟಿಗಳಿಗೆ ಕೈ ಮುಗಿದು, “ಹೋಗಿ ಬಾ ಅನಬೇಕೋ, ಹೋಗ ಅನಬೇಕೋ?” ಅಂದರು. “ಹೋಗ ಅನ್ರಿ ದೊಡ್ಡಕ್ಕಾರ. ಬಂದ್ರ ಮತ್ತ ನನ್ನ ಪಂಚನಾಮೆ,” ಅಂದ ಗಾರ್ಡ್. ಮುರಗೋಡ, ಯರಗಟ್ಟಿ ದಾಟಿ ಹೋದೆವು. ಎರಡೂ ಬದಿಗೆ ಹೆಸರಿನ ಬೆಳೆ ಕಿತ್ತ ಹೊಲಗಳು. ರಾಮದುರ್ಗ ಇನ್ನೂ ಮುಂದಿರುವಾಗಲೇ ಜೀಪು ಎಡಕ್ಕೆ ಹೊರಳಿತು. ಗುಡ್ಡದ ಬುಡದಲ್ಲಿ ಹಳ್ಳದ ಪಕ್ಕ ಕೆಂಪು ಮರಳು ಮಣ್ಣಿತ್ತು. ನೆಲಕ್ಕೆ ಕೂತು ಮುಷ್ಟಿಯಲ್ಲಿ ಹಿಡಿದೆ. ಬೆರಳ ಸಂದಿನಿಂದ ಸುರಿಯಿತು. ಬೆಚ್ಚಗಿತ್ತು.

ಮೊದಲು ಎರಡರಲ್ಲಿ ಚಿಕ್ಕದನ್ನು ಬಿಟ್ಟೆ, ಅದು ಪೊದೆಯ ನೆರಳಿಗೆ ಹರಿಯಿತು. ದೊಡ್ಡದು ನನ್ನ ಅಂಗೈ ಮೇಲೆ ಸ್ವಲ್ಪ ಹೊತ್ತು ತಡೆಯಿತು. ಆಮೇಲೆ ಗಾಯವಾದ ಮೂಗನ್ನು ಮಣ್ಣಿಗಿಟ್ಟಿತು. ಮಣ್ಣು ದಾರಿ ಬಿಟ್ಟಿತು. ತಲೆ ಹೋಯಿತು, ನಡು ಹೋಯಿತು, ಮೊಂಡು ಬಾಲ ಒಂದು ಸಲ ಅಲುಗಿ ಅದೂ ಹೋಯಿತು. ನೆಲ ಮೊದಲಿದ್ದಂತೆಯೇ ಇತ್ತು. ಗಾರ್ಡ್ ಕಾಗದ ಚಾಚಿದ, ಸಹಿ ಮಾಡಿದೆ.

ಮರಳಿ ಬಂದಾಗ ಮಧ್ಯಾಹ್ನ. ಬಿಸಿಲಿರುವಾಗಲೇ ಮುಗಿಸಬೇಕೆಂದು ನೀರು ಕಾಯಿಸಿ, ತೊಟ್ಟಿಗಳನ್ನು ಹಿತ್ತಲ ಕಲ್ಲಿನ ಮೇಲೆ ತಂದೆ. ಸೋಡಾ ನೀರು. ಮೂಲೆಗಳಿಗೆ ವಿನೆಗರ್. ಜಾಲಿಸಿ ಬ್ಲೀಚಿಂಗ್ ತಿಳಿ ಸುರಿದು, ಬ್ರಶ್ಶಿನಿಂದ ಗೋಡೆ, ತಳ, ಮುಚ್ಚಳದ ತೂತುಗಳ ಅಂಚು, ಎಲ್ಲ ತಿಕ್ಕುತ್ತಿದ್ದೆ. ಒಳಗೆ ಫೋನು ಬಾರಿಸಿತು. ತಂಗಿ ಎತ್ತಿದರು. ಸ್ವಲ್ಪ ಹೊತ್ತಿಗೆ ರಿಸೀವರಿಗೆ ಕೈ ಮುಚ್ಚಿಕೊಂಡು ಪಡಸಾಲೆಯಿಂದಲೇ ಕೂಗಿದರು.

“ನರ್ಸಬಾಯೀ, ಅಣ್ಣಾ ಹೊಂಟಾನ. ಸೊಲ್ಲಾಪುರದ ಗಾಡಿ ಬಾಗಲಕ್ಕ ನಿಂತೈತಂತ. ಏನರ ಹೇಳೂದೈತೇನು?”

ಎರಡೂ ಕೈ ಮೊಣಕೈಯವರೆಗೆ ಬ್ಲೀಚಿಂಗ್ ನೀರಿನಲ್ಲಿದ್ದವು.

“ಹಾವು ಮಣ್ಣಿಗೆ ಹೋದ್ವು ಅಂತ ಹೇಳ್ರಿ. ತೊಟ್ಟಿ ತೊಳಿಯಾಕ ಹತ್ತೇನಿ ಅಂತ ಹೇಳ್ರಿ. ಯಾವಾಗ ಬಂದ್ರೂ ಸಿದ್ಧ ಇರತಾವ ಅಂತ ಹೇಳ್ರಿ.”

ತಂಗಿ ಹೇಳಿದರು. ಕೊನೆಯ ಮಾತನ್ನು ಎರಡು ಸಲ ಹೇಳುವುದು ಕೇಳಿಸಿತು. ಆಮೇಲೆ ರಿಸೀವರ್ ಇಟ್ಟ ಸದ್ದು.

ನಾನು ಮೊದಲ ತೊಟ್ಟಿ ಜಾಲಿಸಿದೆ, ಎರಡನೆಯದನ್ನು ಜಾಲಿಸಿದೆ, ಸಣ್ಣ ಹಾವಿನದಾಗಿದ್ದ ಮೂರನೆಯದನ್ನೂ ಜಾಲಿಸಿದೆ. ಒಂದೊಂದರ ಒಳಗೂ ಮುಖವಿಟ್ಟು ನೋಡಿದೆ. ಕೊನೆಯದರಲ್ಲಿ ಇನ್ನೂ ಸ್ವಲ್ಪ ವಾಸನೆಯಿತ್ತು. ಮತ್ತೊಂದು ಕೊಡ ನೀರು ತಂದು ಜಾಲಿಸಿ, ಬಿಸಿಲು ಇರುವ ಕಡೆಗೆ ಬಾಯಿ ಮಾಡಿ ಇಟ್ಟೆ.